ಸಂಬಂಧಿತ ಬರಹಗಳ ಪ್ಲಗಿನ್ ಈಗ ಪಠ್ಯವನ್ನೇ ಓದುತ್ತದೆ. ಹಳೆಯ ಟ್ಯಾಗ್‌ಗಳನ್ನು ಅಳಿಸಿಬಿಡಬಹುದೇ?

ನಿಮ್ಮದು ಇನ್ನೂರು ಬರಹಗಳ ಕನ್ನಡ ಬ್ಲಾಗ್, ವಿಷಯ ಸೂಚಿಸಲು ಹಾಕಿದ ಟ್ಯಾಗ್‌ಗಳು ಅಡ್ಡಾದಿಡ್ಡಿ ಬೆಳೆದಿವೆ, ಒಂದು ಬರಹದ ಕೆಳಗೆ ಅದಕ್ಕೆ ಹತ್ತಿರದ ಬೇರೆ ಬರಹಗಳನ್ನು ತೋರಿಸುವ ಪ್ಲಗಿನ್ (ಬ್ಲಾಗ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಹೊಸ ಆವೃತ್ತಿಯಲ್ಲಿ ಶೀರ್ಷಿಕೆಯನ್ನೂ ಒಳಗಿನ ಪಠ್ಯವನ್ನೂ ಹೋಲಿಸಿ ನೋಡುತ್ತದೆ; ಹಾಗಿದ್ದರೆ ಯಾವ ಪ್ಲಗಿನ್ ಒಳ್ಳೆಯದು, ಅದರ ಯಾವ ಹೊಸ ಸೌಲಭ್ಯ ಟ್ಯಾಗ್‌ಗೆ ಬದಲಿಯಾದೀತು ಎಂದು ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ಕೊಪ್ಪಳದ ನನ್ನ ಮನೆಯಲ್ಲಿ ನಾನೂ ಇದೇ ಲೆಕ್ಕಾಚಾರ ಹಾಕಿದ್ದೆ. ದಯವಿಟ್ಟು ಅಳಿಸಬೇಡಿ.

ನನ್ನದು ನಮ್ಮ ಭಾಗದ ಶಾಸನಗಳು, ಕೋಟೆಗಳು, ಊಟೋಪಚಾರಗಳ ಕುರಿತ ವರ್ಡ್‌ಪ್ರೆಸ್ ಬ್ಲಾಗ್. ಅದರಲ್ಲಿ ಆಗ 212 ಟ್ಯಾಗ್‌ಗಳಿದ್ದವು. ‘ಅಶೋಕ’, ‘ಅಶೋಕನ ಶಾಸನ’, ‘ಅಶೋಕನ ಶಾಸನಗಳು’ ಎಂದು ಒಂದೇ ವಿಷಯಕ್ಕೆ ಮೂರು ಟ್ಯಾಗ್‌ಗಳನ್ನು ಮೂರು ಬೇರೆ ಕಾಲದಲ್ಲಿ ಹಾಕಿಕೊಂಡಿದ್ದೆ. ಹೊಸ ಆವೃತ್ತಿ ಬಂದ ರಾತ್ರಿ ಅದರ ಎಲ್ಲ ಸೌಲಭ್ಯಗಳನ್ನೂ ಚಾಲೂ ಮಾಡಿ, ಟ್ಯಾಗ್‌ಗಳ ಪುಟ ತೆರೆದು, ಪುಟಕ್ಕೆ ನೂರರಂತೆ ಕಾಣಿಸುವ ಹಾಗೆ ಹೊಂದಿಸಿ, ಮೇಲಿನ ಚೌಕಕ್ಕೆ ಗುರುತು ಹಾಕಿ, ‘ಅಳಿಸು’ ಒತ್ತಿದೆ. ಮೂರು ಸಲ ಒತ್ತುವುದರೊಳಗೆ ಪುಟ ಖಾಲಿಯಾಯಿತು.

ನನ್ನ ತಪ್ಪು ಎಲ್ಲಿತ್ತೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ತಪ್ಪೆಂದು ಆ ಹೊತ್ತಿನಲ್ಲಿ ಯಾರಿಗೂ ಅನ್ನಿಸುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಒಂದು ಬರಹವನ್ನು ಅಳಿಸಿದರೆ ಅದು ಮೊದಲು ಟ್ರ್ಯಾಶ್‌ಗೆ ಹೋಗುತ್ತದೆ ಮತ್ತು ಬೇರೆ ಹೊಂದಾಣಿಕೆ ಮಾಡದಿದ್ದರೆ 30 ದಿನ ಅಲ್ಲಿಯೇ ಇರುತ್ತದೆ. ಹಲವು ಬರಹಗಳನ್ನು ಹಾಗೆ ಅಳಿಸಿ ಮರಳಿ ತಂದಿದ್ದ ನಾನು ಟ್ಯಾಗ್‌ಗಳಿಗೂ ಅದೇ ಆಸರೆ ಇದೆಯೆಂದು ನಂಬಿಕೊಂಡಿದ್ದೆ. ಟ್ಯಾಗ್‌ಗಳಿಗೆ ಟ್ರ್ಯಾಶ್ ಇಲ್ಲ. ಅಳಿಸಿದ ಕ್ಷಣಕ್ಕೆ ಆ ಹೆಸರಷ್ಟೇ ಅಲ್ಲ, ಯಾವ ಯಾವ ಬರಹಕ್ಕೆ ಅದು ಅಂಟಿಕೊಂಡಿತ್ತು ಎಂಬ ನಂಟಿನ ದಾಖಲೆಯೂ ಡೇಟಾಬೇಸ್‌ನಿಂದ ಹೋಗುತ್ತದೆ. ಬರಹಗಳು ಉಳಿಯುತ್ತವೆ, ನಂಟು ಉಳಿಯುವುದಿಲ್ಲ. ಅದೇ ಹೆಸರಿನ ಟ್ಯಾಗನ್ನು ಮರುದಿನ ಮತ್ತೆ ಸೃಷ್ಟಿಸಿದರೂ ಅದರಡಿ ಒಂದು ಬರಹವೂ ಇರುವುದಿಲ್ಲ. ಬ್ಯಾಕಪ್ ತೆಗೆಯದೆ ಮುಟ್ಟಬಾರದಿದ್ದದ್ದು ಬರಹಗಳಿಗಿಂತ ಮೊದಲು ಈ ನಂಟುಗಳನ್ನು; ನಾನು ಬರಹಗಳು ಸುರಕ್ಷಿತವಾಗಿವೆ ಎಂದು ನೋಡಿಕೊಂಡು ನಿಶ್ಚಿಂತನಾಗಿದ್ದೆ.

ಮೂರನೆಯ ದಿನ ಮಸ್ಕಿಯ ಕಡೆಯ ಒಬ್ಬ ಶಿಕ್ಷಕರು ಫೋನ್ ಮಾಡಿದರು. ‘ಅಶೋಕ’ ಟ್ಯಾಗ್‌ನ ಪುಟದ ವಿಳಾಸವನ್ನು ಅವರು ತಮ್ಮ ವಿದ್ಯಾರ್ಥಿಗಳಿಗೆ ಓದಲು ಕೊಟ್ಟಿದ್ದರಂತೆ. “ಸರ್, ಹುಡುಗರಿಗೆ ಕೊಟ್ಟ ಲಿಂಕ್ ತೆರೀವಲ್ದು. ಮಸ್ಕಿ ಶಾಸನದ ಬುಡಕ ವಗ್ಗರಣಿ ಮಿರ್ಚಿ ಬರಾಕತ್ತದ. ಏನ್ ಮಾಡೀರಿ?” ಎಂದರು. ತೆರೆದು ನೋಡಿದೆ, ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು: ಶಾಸನದ ಬರಹದ ಕೆಳಗೆ ಪ್ಲಗಿನ್ ತೋರಿಸುತ್ತಿದ್ದದ್ದು ವಗ್ಗರಣೆ ಮಿರ್ಚಿ ತಿಂಡಿಯ ಕುರಿತ ನನ್ನ ಬರಹವನ್ನು.

ಮಸ್ಕಿಯ ಶಾಸನ 1915ರಲ್ಲಿ ಸಿ. ಬೀಡನ್ ಎಂಬ ಇಂಜಿನಿಯರ್ ಕಣ್ಣಿಗೆ ಬಿದ್ದದ್ದು. ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆಗೆ ‘ಅಶೋಕ’ ಎಂಬ ಹೆಸರು ಮೊದಲು ಕಂಡದ್ದು ಅಲ್ಲಿಯೇ. ಕರ್ನಾಟಕದಲ್ಲಿ ಆ ಹೆಸರಿರುವ ಇನ್ನೆರಡು ಶಾಸನಗಳು ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿವೆ. ಮಸ್ಕಿಯ ಬರಹವನ್ನು ಓದಿ ಮುಗಿಸಿದವರು ಅಲ್ಲಿಂದ ನೇರವಾಗಿ ಈ ಎರಡಕ್ಕೆ, ಆಮೇಲೆ ಅಶೋಕನ ಶಾಸನಗಳೇ ಇರುವ ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿಗೆ ಹೋಗಬೇಕು. ಈ ನಂಟು ಪದಗಳ ಎಣಿಕೆಯಿಂದ ಸಿಗುವಂಥದ್ದಲ್ಲ.

ಪಠ್ಯವನ್ನು ಹೋಲಿಸುವ ಇಂಥ ಪ್ಲಗಿನ್‌ಗಳಲ್ಲಿ ಹೆಚ್ಚಿನವು ಮೈಎಸ್‌ಕ್ಯೂಎಲ್ ಡೇಟಾಬೇಸ್‌ನ ಫುಲ್‌ಟೆಕ್ಸ್ಟ್ (ಇಡೀ ಪಠ್ಯದ ಪದಗಳನ್ನು ನೋಡುವ) ಹುಡುಕಾಟವನ್ನು ಬಳಸುತ್ತವೆ. ಪದಗಳನ್ನು ಅವುಗಳ ಮೂಲರೂಪಕ್ಕೆ ಇಳಿಸಿ ನೋಡುವ ಗುಣ ಅದಕ್ಕಿಲ್ಲ, ಅದರ ಜೊತೆಗೆ ಬರುವ ‘ಲೆಕ್ಕಕ್ಕೆ ಬೇಡದ ಪದಗಳ’ ಪಟ್ಟಿಯೂ ಇಂಗ್ಲಿಷಿನದು. ಇಂಗ್ಲಿಷಿನಲ್ಲಿ ಊರಿನ ಹೆಸರು ಎಲ್ಲಿ ಬಂದರೂ ಬಹುಪಾಲು ಹಾಗೆಯೇ ಇರುತ್ತದೆ. ನಮ್ಮಲ್ಲಿ ಅದು ಮಸ್ಕಿಯ, ಮಸ್ಕಿಗೆ, ಮಸ್ಕಿಯಲ್ಲಿ, ಮಸ್ಕಿಯಿಂದ ಎಂದಾಗುತ್ತದೆ, ಮತ್ತು ಡೇಟಾಬೇಸ್‌ಗೆ ಇವು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳು. ‘ಅಶೋಕನ’ ಮತ್ತು ‘ಅಶೋಕನಿಗೆ’ ಕೂಡ ಹಾಗೆಯೇ. ಆದರೆ ‘ರಾಯಚೂರು ಜಿಲ್ಲೆಯ’, ‘ಊರಿನವರು’, ‘ಹೇಳುತ್ತಾರೆ’ ಎಂಬ ಮಾತುಗಳು ಶಾಸನದ ಬರಹದಲ್ಲೂ ಮಿರ್ಚಿಯ ಬರಹದಲ್ಲೂ ಒಂದೇ ರೂಪದಲ್ಲಿದ್ದವು. ಆಕಸ್ಮಿಕವಾಗಿ ಒಂದಾದ ಪದಗಳು ಲೆಕ್ಕಕ್ಕೆ ಸಿಕ್ಕವು, ವಿಷಯದ ಪದಗಳು ವಿಭಕ್ತಿ ಪ್ರತ್ಯಯಗಳಲ್ಲಿ ಚದುರಿಹೋದವು.

ಆದ್ದರಿಂದ ಯಾವ ಪ್ಲಗಿನ್ ಒಳ್ಳೆಯದು, ಅದರ ಯಾವ ಹೊಸ ಸೌಲಭ್ಯ ಟ್ಯಾಗ್‌ಗೆ ಬದಲಿಯಾದೀತು ಎಂದು ನೀವು ಕೇಳುತ್ತಿರುವುದರ ಬುಡವೇ ಸರಿಯಿಲ್ಲ ಎಂಬುದು ನನ್ನ ಅಭಿಪ್ರಾಯ. ಕನ್ನಡದ ಬ್ಲಾಗ್‌ನಲ್ಲಿ ನಂಟನ್ನು ಬರೆದವರೇ ಹೇಳಬೇಕು, ಪ್ಲಗಿನ್ ಅದನ್ನು ತೋರಿಸಿದರೆ ಸಾಕು. ಯಾರ್ಪ್ (YARPP) ಎಂಬ ಸಂಬಂಧಿತ ಬರಹಗಳ ಪ್ಲಗಿನ್‌ನಂಥವುಗಳಲ್ಲಿ ‘ಕನಿಷ್ಠ ಒಂದು ಟ್ಯಾಗ್ ಸಮಾನವಾಗಿರಲೇಬೇಕು’ ಎಂಬ ಆಯ್ಕೆ ಇದೆ. ಅದನ್ನು ಹಾಕಿಕೊಂಡು ಪಠ್ಯದ ಹೋಲಿಕೆಯನ್ನು ನಿಲ್ಲಿಸಿ. ಬರಹದೊಳಗೆ ಬೇಕಾದ ಜಾಗದಲ್ಲಿ ಪಟ್ಟಿ ಇಡಲು ಬರುವ ಬ್ಲಾಕ್ ನಿಜಕ್ಕೂ ಉಪಯುಕ್ತ, ಬಳಸಿ. ಪಟ್ಟಿಯಲ್ಲಿ ಥಂಬ್‌ನೇಲ್ (ಪುಟ್ಟ ಚಿತ್ರ) ಹಾಕುವುದು ನಿಮ್ಮ ಇಷ್ಟ. ಇತ್ತೀಚಿನ ಬರಹಗಳನ್ನಷ್ಟೇ ತೋರಿಸುವ ಮಿತಿಯನ್ನು ಮಾತ್ರ ಹಾಕಬೇಡಿ, ನಿಮ್ಮ ಹಳೆಯ ಬರಹಗಳು ಓದುಗರಿಗೆ ಸಿಗದೆ ಹೋಗುತ್ತವೆ.

ಟ್ಯಾಗ್‌ಗಳ ಗೊಂದಲಕ್ಕೆ ಪರಿಹಾರ ಅವುಗಳನ್ನು ಒಂದುಗೂಡಿಸುವುದು. ಮೊದಲು ಹೋಸ್ಟಿಂಗ್‌ನಿಂದ ಡೇಟಾಬೇಸ್‌ನ ಬ್ಯಾಕಪ್ ಇಳಿಸಿಕೊಳ್ಳಿ. ಬಳಿಕ ಬೇಡದ ಟ್ಯಾಗ್‌ನಡಿಯ ಬರಹಗಳನ್ನೆಲ್ಲ ಒಟ್ಟಿಗೆ ಆಯ್ದು, ಸಾಮೂಹಿಕ ತಿದ್ದುಪಡಿಯಲ್ಲಿ ಸರಿಯಾದ ಟ್ಯಾಗನ್ನು ಸೇರಿಸಿ, ಆ ಬರಹಗಳೆಲ್ಲ ಹೊಸ ಟ್ಯಾಗ್‌ನಡಿ ಕಾಣುತ್ತಿವೆಯೇ ಎಂದು ಎಣಿಸಿ ನೋಡಿದ ಮೇಲಷ್ಟೇ ಹಳೆಯದನ್ನು ತೆಗೆಯಿರಿ.

ನನ್ನ ಬಳಿ ಇದ್ದದ್ದು ಹದಿನಾಲ್ಕು ತಿಂಗಳ ಹಿಂದೆ ತೆಗೆದಿಟ್ಟ ಒಂದು ರಫ್ತು ಕಡತ (ಬರಹಗಳನ್ನು ಟ್ಯಾಗ್ ಸಮೇತ ಇಳಿಸಿಟ್ಟ ಪ್ರತಿ) ಮಾತ್ರ. ಅದನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಒಂದೊಂದೇ ಬರಹಕ್ಕೆ ಟ್ಯಾಗ್ ಹಾಕುತ್ತಾ ಎರಡು ತಿಂಗಳ ರಾತ್ರಿಗಳು ಹೋದವು, ಆ ಕಡತದ ನಂತರ ಬರೆದ ಅರವತ್ತಕ್ಕೂ ಹೆಚ್ಚು ಬರಹಗಳನ್ನು ಮತ್ತೆ ಓದಿಯೇ ನಿರ್ಧರಿಸಬೇಕಾಯಿತು. 212 ಇದ್ದದ್ದು ಈಗ 48 ಆಗಿವೆ. ‘ಅಶೋಕ’ ಪುಟಕ್ಕೆ ಹಳೆಯ ವಿಳಾಸವನ್ನೇ ಕೊಟ್ಟಿದ್ದರಿಂದ ಆ ಶಿಕ್ಷಕರ ಲಿಂಕ್ ಮತ್ತೆ ತೆರೆಯುತ್ತಿದೆ. ಮಸ್ಕಿಯ ಬರಹದ ಕೆಳಗೆ ನಿಟ್ಟೂರು, ಉಡೇಗೋಳ, ಗವಿಮಠ, ಪಾಲ್ಕಿಗುಂಡು ಬರುತ್ತವೆ. ಅಶೋಕನ ಹೆಸರಿರುವ ಮಧ್ಯಪ್ರದೇಶದ ಗುಜರ್ರಾ ಶಾಸನದ ಬಗ್ಗೆ ನಾನಿನ್ನೂ ಬರೆಯಬೇಕಾಗಿದೆ.