ಒಣಗಿದ ರಾಜಕಾಲುವೆ ಪಕ್ಕದ ಸೈಟು ತಗೋಬಹುದಾ?

ಬೆಂಗಳೂರಲ್ಲಿ ನೀವು ನೋಡಿರುವ ಸೈಟಿನ ಹಿಂದೆ ರಾಜಕಾಲುವೆ ಇದೆ, ಅದು ವರ್ಷಗಳಿಂದ ಒಣಗಿದೆ, ಬಫರ್ (ಕಾಲುವೆ ಪಕ್ಕ ಏನೂ ಕಟ್ಟದೆ ಖಾಲಿ ಬಿಡಬೇಕಾದ ಜಾಗ) ಅನ್ನೋದೆಲ್ಲ ಸುಮ್ನೆ ಅಂತ ಏಜೆಂಟ್ ಹೇಳುತ್ತಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನಂಬಬೇಡಿ.

ಬೆಂಗಳೂರಿಗೆ ದೊಡ್ಡ ನದಿ ಇಲ್ಲ. ಅದಕ್ಕೇ ಹಿಂದಿನವರು ಇಳಿಜಾರು ನೋಡಿಕೊಂಡು ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಹೋಗಬೇಕು, ಆ ದಾರಿಯೇ ರಾಜಕಾಲುವೆ. ಬೇಸಿಗೆಯಲ್ಲಿ ಒಣಗಿರುವುದು ಸಹಜ ಅಲ್ವಾ, ಅದರ ಕೆಲಸ ಇರೋದೇ ಜೋರು ಮಳೆ ಬಂದ ದಿನ. ಈಗಂತೂ ಎಲ್ಲ ಕಡೆ ಕಾಂಕ್ರೀಟು, ನೀರು ಇಂಗಲು ಮಣ್ಣೇ ಇಲ್ಲ, ಹಾಗಾಗಿ ಹಿಂದಿಗಿಂತ ಜಾಸ್ತಿ ನೀರು ಒಂದೇ ಸಲ ನುಗ್ಗುತ್ತದೆ. ಧರ್ಮಾಂಬುಧಿ ಕೆರೆ ಇದ್ದ ಕಡೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ, ಸಂಪಂಗಿ ಕೆರೆ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. ಕೆರೆ ಮುಚ್ಚಿದರೂ ತಗ್ಗು ತಗ್ಗೇ.

ಬಫರ್ ವಿಷಯ. 2007ರಲ್ಲಿ ಜಾರಿಗೆ ಬಂದ ‘ಮಾಸ್ಟರ್ ಪ್ಲಾನ್ 2015’ರಲ್ಲಿ ದೊಡ್ಡ ಕಾಲುವೆಗೆ 50 ಮೀಟರ್, ಮಧ್ಯಮಕ್ಕೆ 25, ಚಿಕ್ಕದಕ್ಕೆ 15, ಕೆರೆಗೆ 30 ಮೀಟರ್ ಬಿಡಬೇಕು ಅಂತಿತ್ತು. ಹಸಿರು ನ್ಯಾಯಮಂಡಳಿ 2016ರಲ್ಲಿ ಇದನ್ನು ಹೆಚ್ಚಿಸಿತ್ತು, ಸುಪ್ರೀಂ ಕೋರ್ಟ್ 2019ರಲ್ಲಿ ಆ ಆದೇಶ ರದ್ದು ಮಾಡಿತು. ಹೋಗಿದ್ದು ಆ ಹೆಚ್ಚಳ ಮಾತ್ರ, ಮಾಸ್ಟರ್ ಪ್ಲಾನ್‌ನ ಬಫರ್ ಅಲ್ಲ. ಏಜೆಂಟ್ ಆ ತೀರ್ಪು ತೋರಿಸಿ ಬಫರ್ರೇ ಹೋಯಿತು ಅಂದರೆ ಅದು ಸುಳ್ಳು.

ಅಡ್ವಾನ್ಸ್ ಕೊಡುವ ಮೊದಲು ದಿಶಾಂಕ್ (ಜಮೀನಿನ ಸರ್ವೆ ನಕ್ಷೆ ತೋರಿಸುವ ಸರ್ಕಾರಿ) ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿ. ಹಳೇ ಗ್ರಾಮ ನಕ್ಷೆಯನ್ನೂ ತೆಗೆಸಿ, ಹಳ್ಳ, ಕಾಲುವೆ ಗೆರೆ ಅದರಲ್ಲಿ ಕಾಣುತ್ತದೆ. ಈಗ ಎಷ್ಟು ಜಾಗ ಬಿಡಬೇಕು ಅಂತ ಪಾಲಿಕೆಯಿಂದ ಬರವಣಿಗೆಯಲ್ಲೇ ತಗೊಳ್ಳಿ. ಆಮೇಲೆ ಒಂದು ಜೋರು ಮಳೆ ಬಂದ ಮೇಲೆ ಹೋಗಿ, ಅಕ್ಕಪಕ್ಕದ ಗೋಡೆಗಳಲ್ಲಿ ನೀರು ನಿಂತ ಗುರುತು ಎಷ್ಟು ಎತ್ತರಕ್ಕಿದೆ ನೋಡಿ.