ಆಟೊಕ್ಯಾಡ್‌ನಲ್ಲಿ ಸುತ್ತುಸುತ್ತಾಗಿ ಹರಡುವ ಕಲ್ಲುಹಾಸನ್ನು ಬೇಗ ಬಿಡಿಸುವುದು ಹೇಗೆ?

ಉದ್ಯಾನದ ನಡುವೆ ಸುಮಾರು 6.7 ಮೀಟರ್ ವ್ಯಾಸದ ದುಂಡು ಅಂಗಳ, 100 ಮಿ.ಮೀ. ಚೌಕದ ಗ್ರಾನೈಟ್ ಕಲ್ಲು, 10 ಮಿ.ಮೀ. ಸಂದು. ಹ್ಯಾಚ್‌ನಲ್ಲಿ (ಜಾಗಕ್ಕೆ ಸಿದ್ಧ ವಿನ್ಯಾಸ ತುಂಬುವ ಆಜ್ಞೆ) ಇಂಥ ವಿನ್ಯಾಸ ಸಿಗಲಿಲ್ಲ, ಪೋಲಾರ್ ಅರೇಯಲ್ಲಿ (ಒಂದು ವಸ್ತುವನ್ನು ಕೇಂದ್ರದ ಸುತ್ತ ನಕಲಿಸುವ ಆಜ್ಞೆ) ಸಾಲು ಹೆಚ್ಚಿಸಿದರೆ ಹೊರಗೆ ಹೋದಂತೆ ಸಂದು ಬಾಯಿ ಬಿಡುತ್ತದೆ, ಕಲ್ಲುಗಳನ್ನು ಒಂದೊಂದಾಗಿ ತಿರುಗಿಸಿ ಇಡುತ್ತ ಎರಡು ದಿನ ಕಳೆದವು ಎಂದು ಬರೆದಿದ್ದೀರಿ. ಈ ಕೆಲಸ ಅರ್ಧ ಗಂಟೆಯದು. ಆದರೆ ಅದು ಆಟೊಕ್ಯಾಡ್‌ನಲ್ಲಿ ಅಲ್ಲ, ಲೆಕ್ಕದಲ್ಲಿ ಶುರುವಾಗಬೇಕು.

ಹ್ಯಾಚ್ ಅನ್ನು ಕೈಬಿಡಿ. ಅದರ ವಿನ್ಯಾಸಗಳೆಲ್ಲ ನೇರ ಗೆರೆಗಳಿಂದಲೇ ಆದವು. ವೃತ್ತ ಅಲ್ಲಿ ಹುಟ್ಟುವುದಿಲ್ಲ. ಪೋಲಾರ್ ಅರೇಯ ಸಾಲುಗಳೂ ನೆರವಾಗುವುದಿಲ್ಲ, ಏಕೆಂದರೆ ಒಳಸುತ್ತಿನಲ್ಲಿ ಎಷ್ಟು ಕಲ್ಲು ಇವೆಯೋ ಹೊರಸುತ್ತಿನಲ್ಲೂ ಅದು ಅಷ್ಟನ್ನೇ ಇಡುತ್ತದೆ. ಪ್ರತಿ ಸುತ್ತಿಗೂ ಬೇರೆ ಅರೇ ಬೇಕು, ಬೇರೆ ಸಂಖ್ಯೆ ಬೇಕು.

ಆ ಸಂಖ್ಯೆಯ ಬೆಲೆ ನನಗೆ ತಿಳಿದದ್ದು ಕೆಲಸದ ಜಾಗದಲ್ಲಿ. ಹಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಅಂಗಳಕ್ಕೆ ನಕ್ಷೆ ಮಾಡಿಕೊಂಡು ಹೋಗಿದ್ದೆ. ಮೇಸ್ತ್ರಿ ನಡುವೆ ಕಬ್ಬಿಣದ ಗೂಟ ಹೊಡೆದು, ದಾರ ಕಟ್ಟಿ, ದಾರದ ತುದಿಗೆ ಮೊಳೆ ಸಿಕ್ಕಿಸಿ ಮಣ್ಣಿನ ಮೇಲೆ ಒಂದು ಸುತ್ತು ಗೀರಿದರು. ಆಮೇಲೆ ನನ್ನ ನಕ್ಷೆಯನ್ನು ಮಡಿಸಿ ಇಟ್ಟು, “ಈ ಸುತ್ತಿಗೆ ಎಷ್ಟು ಕಲ್ಲು ಸರ್?” ಎಂದು ಕೇಳಿದರು. ನನ್ನ ನಕ್ಷೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅಂದಿನಿಂದ ಎಣಿಕೆ ಮುಗಿಯದೆ ನಾನು ಗೆರೆ ಎಳೆದಿಲ್ಲ.

ನಿಮ್ಮ ಕಲ್ಲಿಗೇ ಲೆಕ್ಕ ಹಾಕೋಣ. ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ತ್ರಿಜ್ಯ 110 ಮಿ.ಮೀ. ಹೆಚ್ಚುತ್ತದೆ, ಸುತ್ತಳತೆ ಅದರ 6.283 ಪಟ್ಟು, ಅಂದರೆ ಸುಮಾರು 691 ಮಿ.ಮೀ. ಹೆಚ್ಚುತ್ತದೆ. ಸುತ್ತು ಚಿಕ್ಕದಿರಲಿ ದೊಡ್ಡದಿರಲಿ, ಈ ಏರಿಕೆ ಬದಲಾಗುವುದಿಲ್ಲ. 691 ಅನ್ನು 110ರಿಂದ ಭಾಗಿಸಿದರೆ 6.28. ಕೆಳಗಿನ ಪೂರ್ಣಸಂಖ್ಯೆ 6. ಆದ್ದರಿಂದ ಪ್ರತಿ ಸುತ್ತಿಗೆ 6 ಕಲ್ಲು ಕೂಡಿಸುತ್ತ ಹೋಗಿ: ನಾಲ್ಕನೆಯದಕ್ಕೆ 24, ಹತ್ತನೆಯದಕ್ಕೆ 60, ಮೂವತ್ತನೆಯದಕ್ಕೆ 180. ಕಲ್ಲಿನ ನಡುಗೆರೆಯಲ್ಲಿ ಅಕ್ಕಪಕ್ಕದ ಸಂದು ಎಲ್ಲ ಸುತ್ತುಗಳಲ್ಲೂ ಒಂದೇ, 15 ಮಿ.ಮೀ. ಚಿಲ್ಲರೆ.

ಬೀಜಿಂಗ್‌ನ ಸ್ವರ್ಗ ದೇಗುಲದ ವೃತ್ತಾಕಾರದ ಬಲಿವೇದಿಕೆಯನ್ನು ಕಟ್ಟಿದವರು ಇದನ್ನು ಚೆನ್ನಾಗಿ ಅರಿತಿದ್ದರು. 1530ರಲ್ಲಿ ಕಟ್ಟಿ 1749ರಲ್ಲಿ ವಿಸ್ತರಿಸಿದ ವೇದಿಕೆ ಅದು. ನಡುವೆ ಒಂದು ದುಂಡುಗಲ್ಲು, ಅದರ ಸುತ್ತ 9, ಆಮೇಲೆ 18, 27, ಹೀಗೆ ಮೇಲಿನ ಹಂತದ ಒಂಬತ್ತನೆಯ ಸುತ್ತಿಗೆ 81. ಒಂಬತ್ತು ಅವರಿಗೆ ಪವಿತ್ರ ಸಂಖ್ಯೆ. ಆದರೆ ಪ್ರತಿ ಸುತ್ತಿಗೂ ಏರಿಕೆ ಒಂದೇ ಇರುವುದರಿಂದಲೇ ಆ ಸಂಖ್ಯೆ ನೆಲದ ಮೇಲೆ ಅಷ್ಟು ಸಲೀಸಾಗಿ ಕೂತಿದೆ. ಅಲ್ಲಿ ಕಲ್ಲುಗಳನ್ನು ಬೀಸಣಿಗೆಯ ಆಕಾರಕ್ಕೆ ಕಡಿದಿದ್ದಾರೆ.

ನಿಮ್ಮದು ಚೌಕದ ಕಲ್ಲು, ಹಾಗಾಗಿ ಒಳಗಿನ ಮೂರು ಸುತ್ತುಗಳಲ್ಲಿ ಕಲ್ಲುಗಳ ಒಳಮೂಲೆಗಳು ಒಂದರ ಮೇಲೊಂದು ಏರುತ್ತವೆ. ನಾಲ್ಕನೆಯ ಸುತ್ತಿನಲ್ಲಿ ಒಳಬದಿಗೆ ಎರಡೂವರೆ ಮಿ.ಮೀ. ಸಂದು ಉಳಿಯುತ್ತದೆ. ಅಲ್ಲಿಂದಲೇ ಆರಂಭಿಸಿ, ನಡುವೆ 760 ಮಿ.ಮೀ. ವ್ಯಾಸದ ಒಂದೇ ದುಂಡು ಚಪ್ಪಡಿ ಇಡಿ. ಕಡಿದು ಹೊಂದಿಸುವ ಕಷ್ಟ ತಪ್ಪುತ್ತದೆ, ನೋಡಲೂ ಗಂಭೀರವಾಗಿರುತ್ತದೆ. 4ರಿಂದ 30ರವರೆಗೆ ಒಟ್ಟು 2,754 ಕಲ್ಲು.

(200×100 ಮಿ.ಮೀ. ಪೇವರ್, ಅಂದರೆ ನೆಲಹಾಸಿನ ಇಟ್ಟಿಗೆ, ಬಳಸುವವರಿಗೆ ಒಂದು ಮಾತು. ಅದರ ಉದ್ದವನ್ನು ಕೇಂದ್ರದ ಕಡೆಗೆ ಇಟ್ಟು, 10 ಮಿ.ಮೀ. ಸಂದು ಬಿಟ್ಟು ಇದೇ ಲೆಕ್ಕ ಹಾಕಿದರೆ 11.995 ಬರುತ್ತದೆ. ಸುತ್ತಿಗೆ 12 ಹೆಚ್ಚಿಸಿ, ಆರನೆಯ ಸುತ್ತಿನಿಂದ ಶುರು ಮಾಡಿ. ಇಷ್ಟು ಚೆನ್ನಾಗಿ ಹೊಂದುವ ಅಳತೆ ಅಪರೂಪ.)

ಈಗ ಬಿಡಿಸುವ ಕೆಲಸ. ಒಂದು ಕಲ್ಲನ್ನು ಬಿಡಿಸಿ ಬ್ಲಾಕ್ ಮಾಡಿ, ಅಂದರೆ ಹೆಸರಿಟ್ಟು ಒಂದೇ ವಸ್ತುವಾಗಿ ಉಳಿಸಿ. ಹಿಡಿಯುವ ಬಿಂದು ಅದರ ಸರಿನಡುವೆ ಇರಲಿ. ವೃತ್ತದ ಕೇಂದ್ರವನ್ನು 0,0ಗೆ ತನ್ನಿ. ಎಕ್ಸೆಲ್‌ನಲ್ಲಿ ಪ್ರತಿ ಸುತ್ತಿಗೆ ಎರಡು ಸಾಲು ಬರಲಿ. ಮೊದಲ ಸಾಲು ಇನ್ಸರ್ಟ್ ಆಜ್ಞೆ: ಬ್ಲಾಕಿನ ಹೆಸರು, ತ್ರಿಜ್ಯ (ಸುತ್ತಿನ ಸಂಖ್ಯೆ × 110) ಮತ್ತು ಕೋನ, ಸ್ಕೇಲ್ 1 ಮತ್ತು 1, ಕೊನೆಗೆ ತಿರುಗಿಸಲು ಅದೇ ಕೋನ. ಎರಡನೆಯ ಸಾಲು ಅರೇ ಆಜ್ಞೆ: ಲಾಸ್ಟ್ (ಕೊನೆಗೆ ಇಟ್ಟ ಕಲ್ಲು), ಪೋಲಾರ್, 0,0, ಕಲ್ಲಿನ ಸಂಖ್ಯೆ, 360, ಯೆಸ್. ಎರಡೂ ಆಜ್ಞೆಗಳ ಹೆಸರಿಗೆ ಮೊದಲು ಅಡ್ಡಗೆರೆ (-) ಹಾಕಿ, ಆಗ ಕಿಟಕಿ ತೆರೆಯದೆ ಆಜ್ಞಾಸಾಲಿನಲ್ಲೇ ಕೆಲಸ ನಡೆಯುತ್ತದೆ. ‘ಲಾಸ್ಟ್’ ಆದಮೇಲೆ ಎರಡು ಖಾಲಿ ಜಾಗ ಬಿಡುವುದನ್ನು ಮರೆಯಬೇಡಿ. ಎರಡನೆಯದು ಆಯ್ಕೆ ಮುಗಿಯಿತು ಎಂದು ಹೇಳುವ ಎಂಟರ್. ಎಫ್3 ಮತ್ತು ಎಫ್12 ಒತ್ತಿ ಆಬ್ಜೆಕ್ಟ್ ಸ್ನ್ಯಾಪ್ ಮತ್ತು ಡೈನಮಿಕ್ ಇನ್‌ಪುಟ್ ಎರಡನ್ನೂ ಆಫ್ ಮಾಡಿ. ಇಡೀ ಅಂಗಳ ಪರದೆಯಲ್ಲಿ ಕಾಣುವಂತೆ ಝೂಮ್ ಮಾಡಿ, ಏಕೆಂದರೆ ಪರದೆಯಾಚೆ ಇರುವ ಕಲ್ಲನ್ನು ‘ಲಾಸ್ಟ್’ ಹಿಡಿಯುವುದಿಲ್ಲ. ಆಮೇಲೆ 54 ಸಾಲುಗಳನ್ನೂ ಒಟ್ಟಿಗೆ ನಕಲು ಮಾಡಿ ಆಜ್ಞಾಸಾಲಿಗೆ ಅಂಟಿಸಿ. ಸುತ್ತುಗಳು ಒಂದರ ಹಿಂದೊಂದು ಅರಳುತ್ತ ಹೋಗುವುದನ್ನು ನೋಡುವುದೇ ಒಂದು ಸಂತೋಷ.

ಆ ಕೋನದ ಬಗ್ಗೆ ಎಚ್ಚರ. ಎಲ್ಲ ಸುತ್ತುಗಳನ್ನೂ ಸೊನ್ನೆ ಡಿಗ್ರಿಯಿಂದ ಶುರು ಮಾಡಿದರೆ 60 ಡಿಗ್ರಿಗೊಂದರಂತೆ ಆರು ನೇರ ಸಾಲುಗಳು ಎದ್ದು ಕಾಣುತ್ತವೆ, ಅಂಗಳ ಚಕ್ಕಡಿಯ ಗಾಲಿಯಂತಾಗುತ್ತದೆ. ನಾನು ಸುತ್ತಿನ ಸಂಖ್ಯೆಯನ್ನು 37ರಿಂದ ಗುಣಿಸಿ ಆ ಕೋನ ಕೊಡುತ್ತೇನೆ. ನಾಲ್ಕನೆಯದು 148 ಡಿಗ್ರಿ, ಐದನೆಯದು 185. ಸಂದುಗಳು ಚದುರಿ ಕಣ್ಣಿಗೆ ವೃತ್ತ ಮಾತ್ರ ಉಳಿಯುತ್ತದೆ.

ಎಕ್ಸೆಲ್‌ನ ಆ ಹಾಳೆಯಿಂದಲೇ ಸುತ್ತಿನ ಸಂಖ್ಯೆ, ಗೂಟದಿಂದ ನಡುಗೆರೆಗೆ ಇರುವ ದೂರ, ಕಲ್ಲಿನ ಎಣಿಕೆ, ಈ ಮೂರು ಅಂಕಣಗಳನ್ನು ತೆಗೆದು ನಕ್ಷೆಯ ಬದಿಯಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ಮೇಸ್ತ್ರಿ ಬಿಸಿಲಿನಲ್ಲಿ ನಿಂತು ಓದುವುದು ಅದನ್ನೇ.