ಕ್ರೋಶಾ ಗೊಂಬೆಗೆ ‘ಫ್ಯಾನ್ ಮೇಡ್’ ಅಂತ ಬರೆದರೆ ಸಾಲದು

ಗಂಗಾವತಿಯ ಅಕ್ಕಾ, ಕ್ರೋಶಾದಲ್ಲಿ ಹೆಣೆದ ಮಿಕ್ಕಿ ಮೌಸ್ ಗೊಂಬೆ, ಆರ್‌ಸಿಬಿ ಸಿಂಹದ ಕೀಚೈನು ಆನ್‌ಲೈನ್‌ನಲ್ಲಿ ಮಾರಬಹುದಾ, ಕೆಳಗೆ ‘ಫ್ಯಾನ್ ಮೇಡ್’ (ಅಭಿಮಾನಿ ಮಾಡಿದ್ದು) ಅಂತ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ ಅಕ್ಕಾ. ಹಾಗೆ ಬರೆದರೆ ಈ ಗುರುತು ನನ್ನದಲ್ಲ ಅಂತ ನಾವೇ ಒಪ್ಪಿಕೊಂಡ ಹಾಗಾಯ್ತು, ಅಷ್ಟೇ. ಅನುಮತಿ ಸಿಕ್ಕ ಹಾಗಲ್ಲ.

ಹೋದ ವರ್ಷ ನಾನು ಒಬ್ಬ ನಟರ ಮುಖವನ್ನು ಬಟ್ಟೆ ಚೀಲದ ಮೇಲೆ ಕಸೂತಿ ಹಾಕಿ ಮಾರುತ್ತಿದ್ದೆ. ಒಂದು ಬೆಳಗ್ಗೆ ಆ ವೆಬ್‌ಸೈಟಿನವರು ನನ್ನ ಲಿಸ್ಟಿಂಗ್ (ಮಾರಾಟಕ್ಕೆ ಹಾಕಿದ ಪುಟ) ತೆಗೆದುಹಾಕಿದ್ದರು, ಬರಬೇಕಾದ ದುಡ್ಡನ್ನೂ ತಡೆದರು. ಒಂದೊಂದಕ್ಕೆ ಎರಡು ದಿನ ಕೂತು ಮಾಡಿದ ಹದಿನಾಲ್ಕು ಚೀಲ ಇವತ್ತಿಗೂ ಟ್ರಂಕಿನಲ್ಲಿವೆ. ನಿಮಗೆ ಹಾಗಾಗಬಾರದು.

ಪಾತ್ರದ ಚಿತ್ರಕ್ಕೆ ಕಾಪಿರೈಟ್, ಅಂದರೆ ಬರೆದವರ ಹಕ್ಕು; ಹೆಸರು ಮತ್ತು ಲೋಗೋಗೆ ವ್ಯಾಪಾರದ ಗುರುತಿನ ಹಕ್ಕು, ಅಂದರೆ ಟ್ರೇಡ್‌ಮಾರ್ಕ್. ಕಾಪಿರೈಟ್ ಒಂದು ದಿನ ಮುಗಿಯುತ್ತದೆ. ನಮ್ಮಲ್ಲಿ ಚಿತ್ರ ಬರೆದವರು ತೀರಿಕೊಂಡು 60 ವರ್ಷದ ತನಕ ಇರುತ್ತದೆ. ಟ್ರೇಡ್‌ಮಾರ್ಕನ್ನು 10 ವರ್ಷಕ್ಕೊಮ್ಮೆ ನವೀಕರಿಸುತ್ತಾ ಹೋದರೆ ಅದಕ್ಕೆ ಕೊನೆಯೇ ಇಲ್ಲ. ಮಿಕ್ಕಿಯನ್ನೇ ನೋಡಿ. 1928ರ ಮೊದಲ ರೂಪದ ಕಾಪಿರೈಟ್ ಅಮೆರಿಕದಲ್ಲಿ 2024ರ ಜನವರಿಗೆ ಮುಗಿಯಿತು. ಆದರೂ ಆ ಹೆಸರಿನ ಟ್ರೇಡ್‌ಮಾರ್ಕ್ ಡಿಸ್ನಿಯದೇ.

ಸಿಂಹದ ಬಾಲ ಬದಲಿಸಿದರೆ, ಮೂವತ್ತು ಪರ್ಸೆಂಟ್ ಬೇರೆ ಮಾಡಿದರೆ ನಡೆಯುತ್ತೆ ಅಂತ ತುಂಬಾ ಜನ ಹೇಳುತ್ತಾರೆ. ಅಂಥ ಲೆಕ್ಕ ಕಾನೂನಿನಲ್ಲಿ ಇಲ್ಲ. ಕೊಳ್ಳುವವರು ನೋಡಿ ‘ಇದು ಅವರದೇ ಮಾಲು’ ಅಂದುಕೊಳ್ಳುವಂತಿದ್ದರೆ ತೊಂದರೆಯೇ. ನಟರು, ಗಾಯಕರ ಮುಖವೂ ಹಾಗೇ. ಪಂಜಾಬಿ ಗಾಯಕ ದಲೇರ್ ಮೆಹಂದಿಯವರನ್ನು ಹೋಲುವ ಗೊಂಬೆ ಮಾರಿದ ಅಂಗಡಿಗಳ ವಿರುದ್ಧ ದೆಹಲಿ ಹೈಕೋರ್ಟ್ 2010ರಲ್ಲೇ ತೀರ್ಪು ಕೊಟ್ಟಿದೆ. ಕಾಪಿರೈಟ್, ಟ್ರೇಡ್‌ಮಾರ್ಕ್ ಎರಡೂ ಕಾಯ್ದೆಗಳಲ್ಲಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ದಂಡದ ತನಕ ಬರೆದಿದೆ. ಮನೆಯಲ್ಲೇ ಕೈಕೆಲಸ ಮಾಡಿ ಮಾರುವ ನಮ್ಮಂಥವರಿಗೆ ಮೊದಲು ಬರುವುದು ಸಾಮಾನ್ಯವಾಗಿ ನೋಟಿಸ್.

ಹಾಗಂತ ಹೆಣೆಯುವುದು ಬಿಡಬೇಡಿ. ನಿಮ್ಮ ಕೈ ಚೆನ್ನಾಗಿದೆ, ಫೋಟೋ ನೋಡಿದೆ. ಬ್ಯಾಟು, ಬಾಲು, ಊರಿನ ಹೆಸರು ಯಾರ ಸೊತ್ತೂ ಅಲ್ಲ. ಲೋಗೋ ಇಲ್ಲದೆಯೂ ಕ್ರಿಕೆಟ್ ಹುಚ್ಚಿನವರು ಕೊಳ್ಳುತ್ತಾರೆ. ಆದರೆ ಊರಿನ ಹೆಸರಲ್ಲೂ ಒಂದು ಎಚ್ಚರ ಬೇಕು, ನಮ್ಮ ಕೊಪ್ಪಳ ಜಿಲ್ಲೆಯ ಮರದ ಕಿನ್ನಾಳ ಗೊಂಬೆಗೂ ಸಂಡೂರಿನ ಲಂಬಾಣಿ ಕಸೂತಿಗೂ ಜಿಐ ಗುರುತಿದೆ, ಅಂದರೆ ಆ ಊರಿನ ಕೆಲಸಕ್ಕೆ ಮಾತ್ರ ಆ ಹೆಸರು. ಉಲ್ಲನ್ ಗೊಂಬೆಗೆ ‘ಕಿನ್ನಾಳ’ ಅಂತ ಹೆಸರಿಟ್ಟರೆ ಅದೂ ತಪ್ಪು. ಆ ಹೆಸರು ತಲೆತಲಾಂತರದಿಂದ ಆ ಕೆಲಸ ಮಾಡಿಕೊಂಡು ಬಂದವರ ಅನ್ನ. ದೊಡ್ಡ ಕಂಪನಿಯ ಲೋಗೋಗಿಂತ ನನಗೆ ಇದೇ ಜಾಸ್ತಿ ಮುಖ್ಯ.

ಈಗ ಹಾಕಿರುವ ಎರಡೂ ಲಿಸ್ಟಿಂಗ್ ಇವತ್ತೇ ತೆಗೆಯಿರಿ. ಹ್ಯಾಶ್‌ಟ್ಯಾಗ್‌ನಲ್ಲೂ ಆ ಹೆಸರುಗಳು ಬೇಡ. ಹೆಣೆಯುವ ಮಾದರಿಯನ್ನು (ಪ್ಯಾಟರ್ನ್) ದುಡ್ಡು ಕೊಟ್ಟು ತಗೊಂಡಿದ್ದರೆ, ಅದರಿಂದ ಮಾಡಿದ್ದನ್ನು ಮಾರಬಹುದಾ ಅಂತ ಸಾಮಾನ್ಯವಾಗಿ ಅದರಲ್ಲೇ ಬರೆದಿರುತ್ತಾರೆ, ಓದಿ. ಅಕಸ್ಮಾತ್ ನೋಟಿಸ್ ಬಂದರೆ ಸುಮ್ನೆ ಕೂರಬೇಡಿ, ಕೊಪ್ಪಳದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ಕಾನೂನು ನೆರವು ಉಚಿತ.